ನಕಾಶೆ ಹಿಡಿದು ಸರ್ರೆಯಲ್ಲಿ ಮೂರು ನಡಿಗೆ

ಅಪ್ಪ ಅಮ್ಮ ಕಳೆದ ವರ್ಷ ಏಪ್ರಿಲ್ ಕೊನೆಗೆ ಲಂಡನ್‌ಗೆ ಬಂದರು. ಮೊದಲ ವಾರ ಎಲ್ಲರೂ ಮಾಡುವುದನ್ನೇ ಮಾಡಿದೆವು. ಅರಮನೆ, ಸೇತುವೆ, ಮೇಣದ ಬೊಂಬೆ, ಥೇಮ್ಸ್ ದಂಡೆಯ ಬಸವಣ್ಣ. ಎರಡನೇ ವಾರಕ್ಕೆ ಅಪ್ಪ ಸೋಫಾ ಹಿಡಿದು ಕೂತರು. "ರಿಟರ್ನ್ ಟಿಕೆಟ್ಟು ಇನ್ನೂ ಮುಂಚಿನ ದಿನಕ್ಕೆ ಹಾಕಿಸೋಕೆ ಆಗುತ್ತಾ ಕೇಳು" ಅಂತ ಅಮ್ಮನ ಹತ್ತಿರ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಅಪ್ಪ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಜಮೀನು ಅಳೆಯುವ ಸರಪಳಿ ಎಳೆದವರು. ಅದು ನೆನಪಾಗಿ ಪುಸ್ತಕದಂಗಡಿಯಿಂದ ಒಂದು ನಕ್ಷೆ ತಂದು ಟೀಪಾಯಿ ಮೇಲೆ ಹರಡಿದೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಸರಣಿಯ 146ನೇ ಹಾಳೆ. ಸರ್ರೆ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಡಾರ್ಕಿಂಗ್, ಬಾಕ್ಸ್ ಹಿಲ್ ಸುತ್ತಮುತ್ತಲಿನ ಜಾಗದ್ದು. ಅಳತೆ 1:25,000, ಅಂದರೆ 4 ಸೆಂಟಿಮೀಟರಿಗೆ 1 ಕಿಲೋಮೀಟರು. ಒಂದೊಂದು ಹೊಲದ ಬೇಲಿಯೂ ಅದರಲ್ಲಿದೆ. ಅಪ್ಪ ಕನ್ನಡಕ ಹುಡುಕಿದರು. ಆ ಸಂಜೆ ಟೀವಿ ಹಾಕಲಿಲ್ಲ.

"ಈ ಹಸಿರು ಚುಕ್ಕಿ ಗೆರೆ ಏನಮ್ಮ? ಜಮೀನಿನ ಮಧ್ಯೆ ಹೋಗಿದೆ?"

ಫುಟ್‌ಪಾತ್ ಅಪ್ಪ, ಯಾರು ಬೇಕಾದರೂ ನಡೆಯಬಹುದು ಅಂದೆ.

"ಖಾಸಗಿ ಹಿಡುವಳೀಲಾ? ಹಾಗಾದ್ರೆ ಇದು ನಕಾಶೆ ದಾರಿ!"

ಅದೇ ಸರಿಯಾದ ಮಾತು. ಸರ್ಕಾರಿ ನಕ್ಷೆಯಲ್ಲಿ ಗುರುತಾಗಿರುವ, ಎಲ್ಲರಿಗೂ ನಡೆಯುವ ಹಕ್ಕಿರುವ ದಾರಿ. ನಮ್ಮ ಕಡೆ ನಕಾಶೆ ಕಂಡ ದಾರಿ ಅಂದರೆ ತಹಶೀಲ್ದಾರರ ಕಚೇರಿ, ಬೇಲಿ ಜಗಳ, ಅಣ್ಣತಮ್ಮಂದಿರ ಕೇಸು. ಇಲ್ಲಿ ಅಂಥ ದಾರಿಗಳ ಅಧಿಕೃತ ನಕ್ಷೆ ಇಡಬೇಕು ಅಂತ ಕೌಂಟಿಗಳಿಗೆ 1949ರಲ್ಲೇ ಕಾನೂನು ಮಾಡಿದರು. ರೈತ ಹೊಲ ಉತ್ತರೂ ಆಮೇಲೆ ದಾರಿ ಬಿಡಿಸಿಕೊಡಬೇಕು. ಇಂಗ್ಲೆಂಡಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಒಂದು ದಿನವಾದರೂ ಟಿಕೆಟ್ ಕೊಟ್ಟು ನೋಡುವ ಜಾಗ ಬಿಟ್ಟು ಈ ದಾರಿ ಹಿಡಿಯಿರಿ. ಸರ್ರೆ ಲಂಡನ್ನಿನ ಪಕ್ಕದಲ್ಲೇ ಇದೆ. ಹೆಚ್ಚಿನ ಕಡೆಗೆ ಕಾರು ಬೇಕಿಲ್ಲ. ನಾರ್ತ್ ಡೌನ್ಸ್ ಅನ್ನುವ ಸುಣ್ಣದ ಗುಡ್ಡಸಾಲು ಕೌಂಟಿಯ ಅಡ್ಡಕ್ಕೆ ಮಲಗಿದೆ. ಅದರ ದಕ್ಷಿಣಕ್ಕೆ ಮರಳುಗಲ್ಲಿನ ಗುಡ್ಡ, ಕಾಡು. ಮೋಲ್ ಮತ್ತು ವೇ ಅನ್ನುವ ಎರಡು ನದಿಗಳು ಸಾಲನ್ನು ಸೀಳಿಕೊಂಡು ಥೇಮ್ಸ್‌ಗೆ ಹೋಗುತ್ತವೆ. ಹಾಗಾಗಿ ಗುಡ್ಡ, ಕಾಡು, ನದಿ ಮೂರೂ ಒಂದೇ ಕಡೆ.

ನಾವು ಮೊದಲು ಹೋದದ್ದು ಬಾಕ್ಸ್ ಹಿಲ್‌ಗೆ. ವಾಟರ್‌ಲೂ ಅಥವಾ ವಿಕ್ಟೋರಿಯಾದಿಂದ ರೈಲು, ಹೆಚ್ಚುಕಮ್ಮಿ ಒಂದು ಗಂಟೆ. ಇಳಿಯಬೇಕಾದದ್ದು ಬಾಕ್ಸ್ ಹಿಲ್ ಅಂಡ್ ವೆಸ್ಟ್‌ಹಂಬಲ್ ನಿಲ್ದಾಣ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಕೆಲವು ಹೊತ್ತಿನಲ್ಲಿ ಡಾರ್ಕಿಂಗ್‌ನಲ್ಲಿ ಬದಲಾಯಿಸಬೇಕು. ಮೂರು ಜನಕ್ಕಿಂತ ಹೆಚ್ಚಿದ್ದರೆ, ಅಥವಾ ಸರಿಯಾಗಿ ಮೂರೇ ಇದ್ದರೂ, ಗ್ರೂಪ್‌ಸೇವ್ ಟಿಕೆಟ್ ಕೇಳಿ. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಮೂರನೇ ಒಂದು ಭಾಗ ಕಡಿಮೆ. ಭಾನುವಾರ ಮಾತ್ರ ಹೊರಡುವ ಮುಂಚೆ ಒಂದು ಸಲ ಫೋನಿನಲ್ಲಿ ನೋಡಿಕೊಳ್ಳಿ. ಹಳಿ ರಿಪೇರಿ ಅಂತ ನಮ್ಮನ್ನು ಅರ್ಧದಾರಿಯಲ್ಲಿ ಇಳಿಸಿ ಬಸ್ಸಿಗೆ ಹತ್ತಿಸಿದ್ದರು.

ನಿಲ್ದಾಣದಿಂದ ನಡೆದು, ಹೆದ್ದಾರಿಯ ಕೆಳಗಿನ ಸುರಂಗದಾರಿ ದಾಟಿದರೆ ಮೋಲ್ ನದಿ. ಅದನ್ನು ದಾಟಲು 17 ಕಲ್ಲುಗಳಿವೆ. ಯುದ್ಧದ ನಂತರ ಮತ್ತೆ ಕೂರಿಸಿ 1946ರಲ್ಲಿ ಪ್ರಧಾನಿ ಕ್ಲೆಮೆಂಟ್ ಆಟ್ಲಿ ಬಂದು ಉದ್ಘಾಟಿಸಿದರಂತೆ. ಹದಿನೇಳು ಕಲ್ಲಿಗೆ ಪ್ರಧಾನಿ! ಈ ಕಲ್ಲು ದಾಟುವ ಫೋಟೋ ತೋರಿಸಿಯೇ ನಾನು ಅಮ್ಮನನ್ನು ಹೊರಡಿಸಿದ್ದು. ಹೋಗಿ ನೋಡಿದರೆ ಎರಡು ದಿನದ ಮಳೆಗೆ ಕಲ್ಲೆಲ್ಲಾ ನೀರಿನಡಿ. ಕೆನೆ ಚಹಾದ ಬಣ್ಣದ ನೀರು ಭರ್ರೆಂದು ಹೋಗುತ್ತಿತ್ತು. ಸ್ವಲ್ಪ ದೂರದಲ್ಲಿ ಕಾಲುಸೇತುವೆ ಇದೆ, ಅದರಲ್ಲಿ ದಾಟಿದೆವು. ಮಳೆ ಬಂದು ಬಿಟ್ಟ ಮಾರನೇ ದಿನ ಹೋಗುವುದಾದರೆ ಸೇತುವೆಯನ್ನೇ ನಂಬಿ. ವಿಚಿತ್ರ ಅಂದರೆ ಇದೇ ನದಿ ಬಿರುಬೇಸಿಗೆಯಲ್ಲಿ ಈ ಕಣಿವೆಯಲ್ಲೇ ಅಲ್ಲಲ್ಲಿ ನೆಲದೊಳಗೆ ಇಳಿದುಹೋಗುತ್ತದೆ. ಸುಣ್ಣದ ಬಂಡೆಯಲ್ಲಿ ತೂತುಗಳಿವೆ, ನೀರು ಅದರಲ್ಲಿ ಸೇರಿಕೊಳ್ಳುತ್ತದೆ.

ಆಮೇಲೆ ಮೆಟ್ಟಿಲು. ಇನ್ನೂರೈವತ್ತಕ್ಕೂ ಮೇಲಿವೆ, ಕಡಿದು. "ಚಾಮುಂಡಿ ಬೆಟ್ಟದ ಕಾಲುಭಾಗ ಅಷ್ಟೇ" ಅಂತ ಅಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ನನಗಿಂತ ಮುಂದೆ ಹೋದರು. ಮಂಡಿನೋವು ಇರುವವರು ಈ ದಾರಿ ಬಿಡಿ. ಗುಡ್ಡದ ಮೇಲಕ್ಕೇ ರಸ್ತೆ ಇದೆ, 2012ರ ಒಲಿಂಪಿಕ್ಸಿನ ಸೈಕಲ್ ರೇಸು ಹತ್ತಿದ್ದು ಅದೇ ಅಂಕುಡೊಂಕು ರಸ್ತೆಯನ್ನು. ಕಾರಿನಲ್ಲಿ ಹೋಗಿ ಮೇಲೆ ಸುತ್ತಾಡಬಹುದು.

ಕಾಲಡಿ ನೆಲ ಬಿಳಿ. ಅಪ್ಪ ಒಂದು ಚೂರು ಎತ್ತಿ ಬೇಲಿಗೂಟದ ಮೇಲೆ ಗೀಚಿದರು, ಬರೆಯಿತು. "ಸೀಮೆಸುಣ್ಣ ಅಂತಿದ್ವಲ್ಲ, ಸೀಮೆಗೇ ಬಂದು ತುಳಿದ ಹಾಗಾಯ್ತು." ತಮಾಷೆ ಇರಲಿ, ಒದ್ದೆಯಾದ ಸುಣ್ಣದ ನೆಲ ಸೋಪಿನಂತೆ ಜಾರುತ್ತದೆ. ಅಮ್ಮ ಕ್ಯಾನ್ವಾಸ್ ಶೂ ಹಾಕಿದ್ದರು. ಇಳಿಯುವಾಗ ಎರಡು ಸಲ ಕೂತರು. ಮಾರನೇ ದಿನವೇ ಹಲ್ಲಿರುವ ಅಟ್ಟೆಯ ಶೂ ಕೊಂಡೆವು. ಇಡೀ ಪ್ರವಾಸದಲ್ಲಿ ದುಡ್ಡು ಖರ್ಚು ಮಾಡಲೇಬೇಕಾದದ್ದು ಅದೊಂದಕ್ಕೆ. ಕೊಡೆ ಮನೆಯಲ್ಲಿರಲಿ, ಗಾಳಿಗೆ ಮಗುಚಿಕೊಳ್ಳುತ್ತದೆ. ತಲೆಗೆ ಟೋಪಿ ಇರುವ ಮಳೆ ಕೋಟು ಸಾಕು.

ಮೇಲೆ ಲಿಯೋಪೋಲ್ಡ್ ಸಾಲೊಮನ್ಸ್ ನೆನಪಿನ ಕಟ್ಟೆ ಇದೆ. 1914ರಲ್ಲಿ ಗುಡ್ಡ ಕೊಂಡು ಜನರಿಗೆ ಬಿಟ್ಟುಕೊಟ್ಟವರು ಅವರು. ಈಗ ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ. ಕಟ್ಟೆ ಮೇಲೆ ಕೂತರೆ ದಕ್ಷಿಣಕ್ಕೆ ಮೈಲಿಗಟ್ಟಲೆ ಹೊಲ, ಬೇಲಿ, ಮರ. ನಾವು ಪುಳಿಯೋಗರೆ ಬಿಚ್ಚಿದ್ದು ಅಲ್ಲೇ ಕೆಳಗಿನ ಹುಲ್ಲಿನಲ್ಲಿ. ಮೇಯುತ್ತಿದ್ದ ಕರಿ ದನಗಳಿಗೆ ಹೊಟ್ಟೆ ಸುತ್ತ ಬಿಳಿ ಪಟ್ಟಿ, ಯಾರೋ ಪಂಚೆ ಸುತ್ತಿದ ಹಾಗೆ. ಬೆಲ್ಟೆಡ್ ಗ್ಯಾಲೊವೇ ಅನ್ನುವ ತಳಿ. ಅವು ಹುಲ್ಲನ್ನು ಗಿಡ್ಡಗೆ ಇಟ್ಟರೆ ಮಾತ್ರ ಸುಣ್ಣದ ನೆಲದ ಪುಟ್ಟ ಹೂಗಳು, ಆರ್ಕಿಡ್‌ಗಳು, ನೀಲಿ ಚಿಟ್ಟೆಗಳು ಬದುಕುತ್ತವೆ. ದನ ಕಂಡರೆ ಹೆದರಬೇಡಿ, ಆದರೆ ತಾಯಿ ಕರುವಿನ ನಡುವೆ ನುಗ್ಗಬೇಡಿ. ಇದನ್ನು ನಮ್ಮೂರಿನವರಿಗೆ ಹೇಳಿಕೊಡಬೇಕಾ!

ಇಳಿಯುವ ಕಾಡುದಾರಿಯ ಪಕ್ಕ ಒಂದು ಕಲ್ಲು ಹುಡುಕಿ. ಪೀಟರ್ ಲಾಬಿಲಿಯೆರ್ ಅನ್ನುವವರನ್ನು 1800ರಲ್ಲಿ ತಲೆ ಕೆಳಗಾಗಿ ಹೂಳಿದ ಜಾಗ. ಜಗತ್ತೇ ತಲೆಕೆಳಗಾಗಿದೆ, ಕೊನೆಗೆ ಅದು ಸರಿಯಾದಾಗ ತಾನು ನೆಟ್ಟಗೆ ಇರಬೇಕು ಅಂತ ಅವರ ಆಸೆಯಂತೆ. ಅಪ್ಪ ಅಲ್ಲಿ ನಿಂತು ಬಹಳ ಹೊತ್ತು ನಕ್ಕರು.

ಕಾಡಿನ ನಡಿಗೆಗೆ ಲೀತ್ ಹಿಲ್. ಇದಕ್ಕೆ ರೈಲು ಅಷ್ಟು ಅನುಕೂಲವಿಲ್ಲ. ನಾವು ಗೆಳತಿಯ ಕಾರಿನಲ್ಲಿ ಕೋಲ್ಡ್‌ಹಾರ್ಬರ್ ಹಳ್ಳಿಗೆ ಹೋಗಿ ಅಲ್ಲಿಂದ ನಡೆದೆವು. ನಡಿಗೆ ಸಣ್ಣದು, ಆದರೆ ಹೋದದ್ದು ಮೇ ಮೊದಲ ವಾರ. ಬ್ಲೂಬೆಲ್ ಹೂ ಬಿಡುವ ಕಾಲ. ಮರಗಳ ಎಲೆ ಪೂರ್ತಿ ಬಿಚ್ಚುವ ಮೊದಲೇ ಬಿಸಿಲು ನೆಲಕ್ಕೆ ಬೀಳುತ್ತದಲ್ಲ, ಅಷ್ಟರೊಳಗೆ ಈ ಹೂ ಅರಳಿ ಮುಗಿಸಿಬಿಡುತ್ತದೆ. ದಕ್ಷಿಣದ ಇಳಿಜಾರಿನಲ್ಲಿ ನೆಲವೇ ಕಾಣದಷ್ಟು ನೀಲಿ. ದಯವಿಟ್ಟು ಫೋಟೋಗೆ ಅಂತ ಹೂವಿನ ನಡುವೆ ಕೂರಬೇಡಿ. ಎಲೆ ಒಮ್ಮೆ ತುಳಿದರೆ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ದಾರಿಯಲ್ಲಿ ಕಾಡಿನ ಮಧ್ಯೆ ಸಪಾಟಾಗಿ ಒಂದು ಕ್ರಿಕೆಟ್ ಮೈದಾನ. ಗುಡ್ಡದ ಮೇಲೆ ಇದೇನಿದು ಅಂತ ನಾವು ನೋಡುತ್ತಿದ್ದರೆ ಅಪ್ಪ ಪಿಚ್ಚಿನ ಕಡೆ ಕೈ ತೋರಿಸಿದರು. "22 ಗಜ. ಅಂದ್ರೆ 66 ಅಡಿ, ಗುಂಟರ್ ಸಾಹೇಬರ ಒಂದು ಸರಪಳಿ. ಅದರ ಅರ್ಧ 33 ಅಡಿ. 33ಕ್ಕೆ 33 ಆದ್ರೆ ನಮ್ಮ ಒಂದು ಗುಂಟೆ." ಇಷ್ಟು ವರ್ಷ ಕ್ರಿಕೆಟ್ ನೋಡಿದ್ದೇನೆ, ಇದು ಗೊತ್ತಿರಲಿಲ್ಲ.

ಗುಡ್ಡದ ಎತ್ತರ 294 ಮೀಟರ್. ತುದಿಯಲ್ಲಿ ರಿಚರ್ಡ್ ಹಲ್ ಅನ್ನುವವರು 1765ರಲ್ಲಿ ಕಟ್ಟಿಸಿದ ಗೋಪುರವಿದೆ. ಅವರ ಸಮಾಧಿಯೂ ಅದರಡಿಯಲ್ಲೇ. ತಿಳಿ ಆಕಾಶವಿದ್ದರೆ ಒಂದು ಕಡೆ ಲಂಡನ್, ಇನ್ನೊಂದು ಕಡೆ ಗುಡ್ಡಗಳ ಸಂದಿಯಲ್ಲಿ ಸಮುದ್ರ ಕಾಣುತ್ತದೆ ಅಂತಾರೆ. ನಮಗೆ ಕಂಡದ್ದು ಮೋಡ. ಊಟಕ್ಕೆ ಪಬ್ ನಂಬಿ ಹೋಗಿ ಅಲ್ಲೂ ಕೆಟ್ಟೆವು. ತಲುಪಿದ್ದು ಮೂರು ಗಂಟೆಗೆ, ಅಡುಗೆಮನೆ ಮುಚ್ಚಿತ್ತು. ಆಲೂ ಚಿಪ್ಸಿನ ಪೊಟ್ಟಣವೇ ಗತಿ. ಹಳ್ಳಿ ಪಬ್ಬುಗಳಲ್ಲಿ ಮಧ್ಯಾಹ್ನದ ಊಟಕ್ಕೆ ಹೊತ್ತು ಇರುತ್ತದೆ, ಭಾನುವಾರವಾದರೆ ಮೊದಲೇ ಟೇಬಲ್ ಹೇಳಿಡಿ. ಸಸ್ಯಾಹಾರ ಸಿಗುತ್ತದೆ. ಆದರೂ ಬ್ಯಾಗಿನಲ್ಲಿ ಒಂದು ಡಬ್ಬಿ ಚಪಾತಿ ಇರಲಿ.

ಮಲೆನಾಡಿನವರು ಕೇಳುವ ಪ್ರಶ್ನೆಗೆ ಉತ್ತರ: ಇಂಬಳದ (ಜಿಗಣೆ) ಕಾಟ ಇಲ್ಲ. ಉಣ್ಣಿ ಇದೆ. ಕಚ್ಚಿದರೆ ಲೈಮ್ ಅನ್ನುವ ಕಾಯಿಲೆ ಬರಬಹುದು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದು ಮಂಡಿ ಸಂದು, ಕಂಕುಳು ನೋಡಿಕೊಳ್ಳಿ. ದಾರಿ ಬದಿಯಲ್ಲಿ ತುರಿಕೆ ಸೊಪ್ಪೂ ಧಾರಾಳ. ಗಿಡ್ಡ ಚಡ್ಡಿ ಹಾಕಿಕೊಂಡು ಹೋದ ನನ್ನ ಗಂಡನನ್ನು ಕೇಳಿ.

ಮೂರನೆಯದು ಗಿಲ್‌ಫರ್ಡ್‌ನಿಂದ ಗೊಡಾಲ್ಮಿಂಗ್‌ವರೆಗೆ ವೇ ನದಿ ಪಕ್ಕದ ದಾರಿ. ಸುಮಾರು 7 ಕಿಲೋಮೀಟರು, ಪೂರ್ತಿ ಸಮತಟ್ಟು. ಎರಡೂ ಊರಿಗೆ ವಾಟರ್‌ಲೂನಿಂದ ನೇರ ರೈಲು. ಒಂದು ಊರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿದರಾಯಿತು, ಬಂದ ದಾರಿಯಲ್ಲೇ ವಾಪಸು ಬರುವ ಬೇಜಾರಿಲ್ಲ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಬೇರೆ ಎರಡೂ ಬಿಟ್ಟು ಇದೊಂದನ್ನೇ ಮಾಡಿ. ಚಳಿಗಾಲದಲ್ಲಿ ಮಾತ್ರ ನೆರೆ ಬಂದಿದೆಯಾ ವಿಚಾರಿಸಿ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕು. ನಾವು ಹೋದದ್ದು ಜೂನ್‌ನಲ್ಲಿ, ಹನ್ನೊಂದು ಗಂಟೆಗೆ ಆರಾಮಾಗಿ ಮನೆ ಬಿಟ್ಟು.

ಇದು ಹಿಂದೆ ಸರಕು ದೋಣಿಗಳ ಹೆದ್ದಾರಿ. ಗಿಲ್‌ಫರ್ಡ್‌ನಿಂದ ಥೇಮ್ಸ್ ಕಡೆಗೆ 1653ರಲ್ಲಿ, ಗೊಡಾಲ್ಮಿಂಗ್‌ವರೆಗೆ 1764ರಲ್ಲಿ ದೋಣಿ ಓಡಾಟ ಶುರುವಾಯಿತು. ಕುದುರೆಗಳು ದಂಡೆಯ ಮೇಲೆ ನಡೆಯುತ್ತಾ ಹಗ್ಗದಿಂದ ದೋಣಿ ಎಳೆಯುತ್ತಿದ್ದವು. ನಾವು ನಡೆದದ್ದು ಆ ಕುದುರೆಗಳ ದಾರಿ. ಸ್ವಲ್ಪ ದೂರ ಹೋದರೆ ಸೇಂಟ್ ಕ್ಯಾಥರೀನ್ಸ್ ಗುಡ್ಡ, ಮೇಲೆ ಪಾಳುಬಿದ್ದ ಪುಟ್ಟ ಪ್ರಾರ್ಥನಾ ಮಂದಿರ. ಅಲ್ಲಿ ಕಂಬದ ಮೇಲೆ ಓಕ್ ಕಾಯಿಯ ಗುರುತು ಕಂಡು ಅಪ್ಪ ನಿಂತರು. ಫಾರ್ನಮ್‌ನಿಂದ ಡೋವರ್‌ವರೆಗೆ 246 ಕಿಲೋಮೀಟರ್ ಹೋಗುವ ನಾರ್ತ್ ಡೌನ್ಸ್ ವೇ ಅನ್ನುವ ಕಾಲುದಾರಿಯ ಗುರುತು ಅದು. ಮುಳುಗಿದ್ದ ಆ 17 ಕಲ್ಲಿನ ಹತ್ತಿರವೂ ಇದೇ ದಾರಿ ಹೋಗುತ್ತದೆ. "ಹಾಗಾದ್ರೆ ಸುಮ್ನೆ ಇದರಲ್ಲೇ ನಡ್ಕೊಂಡು ಹೋದ್ರೆ ಅಲ್ಲಿಗೇ ಹೋಗ್ತೀವಿ" ಅಂದರು. ಅಮ್ಮ ಅವರ ತೋಳು ಹಿಡಿದು ಈ ಕಡೆ ಎಳೆದರು.

ಮುಂದೆ ಬೇಲಿಯಲ್ಲಿ ಮರದ ಮೆಟ್ಟಿಲು. ಮನುಷ್ಯ ಹತ್ತಿ ದಾಟಬಹುದು, ದನಕ್ಕಾಗುವುದಿಲ್ಲ. "ತಡಮೆ!" ಅಂದರು ಅಮ್ಮ, ತೀರ್ಥಹಳ್ಳಿಯ ತವರಿನ ತೋಟದಲ್ಲಿ ಇದ್ದದ್ದು ನೆನಪಾಗಿ. ಗೇಟು ಇದ್ದ ಕಡೆ ತೆಗೆದ ಹಾಗೇ ಮುಚ್ಚಿ ಹೋಗಿ. ಅದೊಂದೇ ಇಲ್ಲಿನ ರೈತರು ನಿಮ್ಮಿಂದ ಕೇಳುವುದು. ಹಳದಿ ಬಾಣ ಇದ್ದರೆ ನಡೆಯುವವರ ದಾರಿ. ನೀಲಿ ಬಾಣದ್ದರಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ, ಪಕ್ಕಕ್ಕೆ ನಿಲ್ಲಿ. ಫೋನ್ ಸಿಗ್ನಲ್ ಕಣಿವೆಗಳಲ್ಲಿ ಕೈಕೊಡುತ್ತದೆ, ಕಾಗದದ ನಕ್ಷೆ ಇರಲಿ. ಈ ಜಾಗಕ್ಕೆ ಬೇಕಾದ್ದು 145ನೇ ಹಾಳೆ.

ಒಂದು ಕಡೆ ಲಾಕ್‌ನಲ್ಲಿ ದೋಣಿ ಏರುವುದನ್ನು ಕಂಡೆವು. ತೊಟ್ಟಿಯಂಥ ಜಾಗಕ್ಕೆ ದೋಣಿ ಬರುತ್ತದೆ, ಹಿಂದೆ ಕದ ಮುಚ್ಚುತ್ತಾರೆ, ಮುಂದಿನಿಂದ ನೀರು ಬಿಡುತ್ತಾರೆ, ದೋಣಿ ನಿಧಾನಕ್ಕೆ ಮೇಲೇಳುತ್ತದೆ. ಎಲ್ಲಾ ಕೈಕೆಲಸ. ದೋಣಿಯವರು ಕೇಳಿದ್ದೇ ತಡ, ಅಪ್ಪ ಬೆನ್ನು ಕೊಟ್ಟು ಕದದ ತೊಲೆ ತಳ್ಳಿದರು.

ಗೊಡಾಲ್ಮಿಂಗ್ ಸಣ್ಣ ಊರು. ನದಿ ಪಕ್ಕ, ಚರ್ಚಿನ ಹತ್ತಿರ, ಟೈಟಾನಿಕ್ ಹಡಗಿನ ವೈರ್‌ಲೆಸ್ ಆಪರೇಟರ್ ಜ್ಯಾಕ್ ಫಿಲಿಪ್ಸ್ ನೆನಪಿನ ಅಂಗಳವಿದೆ. ಅವರು ಈ ಕಡೆಯವರೇ. ಕೂತು ಕಾಲು ಚಾಚಲು ಒಳ್ಳೆಯ ಜಾಗ. ಇನ್ನೊಂದು ಸಂಗತಿ ನನಗೆ ಮೊದಲೇ ಗೊತ್ತಿತ್ತು, ಅಪ್ಪನಿಗೆ ಅಂತ ಕೊನೆಗೆ ಇಟ್ಟುಕೊಂಡಿದ್ದೆ. 1881ರಲ್ಲಿ ಜಗತ್ತಿನಲ್ಲೇ ಮೊದಲ ಸಾರ್ವಜನಿಕ ವಿದ್ಯುತ್ ಪೂರೈಕೆ ಶುರುವಾದದ್ದು ಈ ಊರಲ್ಲಿ. ಇದೇ ವೇ ನದಿಯ ನೀರಿನ ಚಕ್ರದಿಂದ ಬೀದಿ ದೀಪ ಉರಿಸಿದರು. ದುಡ್ಡು ಗಿಟ್ಟಲಿಲ್ಲ, 1884ಕ್ಕೆ ಮತ್ತೆ ಗ್ಯಾಸ್ ದೀಪಕ್ಕೇ ಹೋದರು.

ಅಪ್ಪ ನದಿಯನ್ನು ನೋಡಿದರು. ಅಂಥ ದೊಡ್ಡದೇನಲ್ಲ, ನಮ್ಮ ಕಡೆ ಹಳ್ಳ ಅನ್ನುವಷ್ಟು. "ಶಿವನಸಮುದ್ರದಲ್ಲಿ 1902ಕ್ಕೆ ಮಾಡಿದ್ರು. ಮೊದಲು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೆ 1905ಕ್ಕೆ. ಆದ್ರೆ ನಮ್ಮದು ಆರಲಿಲ್ಲ ನೋಡು."

ವಾಪಸು ರೈಲು ಗಂಟೆಗೆ ಒಂದೆರಡು ಇರುತ್ತದೆ, ಪರದಾಟವಿಲ್ಲ. ಅಪ್ಪ ಕಿಟಕಿ ಪಕ್ಕ ಕೂತು 145ನೇ ಹಾಳೆ ಮಡಿಸಲು ನೋಡಿದರು. ಅದನ್ನು ಮೊದಲಿದ್ದ ಹಾಗೆ ಮಡಿಸುವುದು ಯಾರಿಂದಲೂ ಆಗದ ಕೆಲಸ. ಗಿಲ್‌ಫರ್ಡ್ ಬರುವ ಹೊತ್ತಿಗೆ ಕೈಬಿಟ್ಟು, ಇನ್ನೊಂದು ಹಸಿರು ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟು, "ಶನಿವಾರ ರಜಾ ತಾನೇ?" ಅಂದರು.