ಶೀಟಿನಲ್ಲಿ ‘ಗಾತ್ರ’ ಅಂತ ಒಂದೇ ಕಾಲಂ

ಈವೆಂಟ್ ಹೊರೈಜನ್ ಅಂದರೆ ಕಪ್ಪುಕುಳಿಯ ಗಡಿ, ಅದನ್ನು ದಾಟಿದರೆ ಬೆಳಕೂ ವಾಪಸ್ ಬರೋದಿಲ್ಲ. ಅದರ ಲೆಕ್ಕ ಹಾಕೋದು ಸುಲಭ. ಕಪ್ಪುಕುಳಿ ಎಷ್ಟು ಸೂರ್ಯರ ತೂಕ ಇದೆಯೋ ಅದನ್ನು 2.95ರಿಂದ ಗುಣಿಸಿ. ಬರೋದು ತ್ರಿಜ್ಯ, ಕಿಲೋಮೀಟರಿನಲ್ಲಿ. ಕುಳಿ ತಿರುಗುತ್ತಿಲ್ಲ ಅಂದುಕೊಂಡರೆ ಅಷ್ಟೇ ಲೆಕ್ಕ. ನಮ್ಮ ಭೂಮಿಯನ್ನು ಹಿಂಡಿ ಕುಳಿ ಮಾಡಿದರೆ ತ್ರಿಜ್ಯ 9 ಮಿಲಿಮೀಟರ್ ಕೂಡ ಆಗೋದಿಲ್ಲ.

ಇಷ್ಟು ಸುಲಭದ್ದೇ ನಮ್ಮ ಡೋಮ್ ಶೋ (ಗುಮ್ಮಟದ ಒಳಮೈ ಮೇಲೆ ತೋರಿಸುವ ಖಗೋಳ ಚಿತ್ರ) ಪ್ರಿವ್ಯೂವನ್ನು ನಿಲ್ಲಿಸಿತು.

ದೃಶ್ಯ ಎಂ87 ಗ್ಯಾಲಕ್ಸಿಯದು. 2019ರಲ್ಲಿ ಫೋಟೋ ಬಂತಲ್ಲ, ಅದೇ ಕುಳಿ. 650 ಕೋಟಿ ಸೂರ್ಯರ ತೂಕ. ಕರಿ ಉಂಡೆಯೊಳಗೆ ಪ್ಲೂಟೋ ಕಕ್ಷೆಯ ಗೆರೆ ಹಾಕಿದ್ದೆವು, ಜನಕ್ಕೆ ಅಂದಾಜು ಸಿಗಲಿ ಅಂತ. ನೋಡಲು ಬಂದಿದ್ದ ಖಗೋಳ ಸಂಶೋಧಕರು ಪಾಯಿಂಟರ್ ಹಿಡಿದು ಕೇಳಿದರು, ‘ಗೆರೆಯ ಸುತ್ತ ಜಾಗ ಇಷ್ಟೇನಾ?’

ಮ್ಯಾನೇಜರ್ ನನ್ನ ಕಡೆ ತಿರುಗಿದರು. ನಾನು ಕತ್ತಲಲ್ಲೇ ಫೋನ್ ತೆಗೆದು ಲೆಕ್ಕಕ್ಕೆ ಕೂತೆ. 1,900 ಕೋಟಿ ಕಿ.ಮೀ. ಮತ್ತೆ ಹಾಕಿದೆ, ಅದೇ ಬಂತು. ಗುರುತ್ವದ ಸ್ಥಿರಾಂಕ ಜಿ ಬೆಲೆ ನೋಡಿದೆ, ಸೊನ್ನೆಗಳನ್ನು ಎಣಿಸಿದೆ. ಎಲ್ಲ ಸರಿ. ದೃಶ್ಯವನ್ನು ಕಂಪ್ಯೂಟರಿನಲ್ಲಿ ರೆಂಡರ್ ಮಾಡುವ ಹುಡುಗ ಸ್ಕೇಲ್ ಕೆಡಿಸಿದ್ದಾನೆ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಜೋರಾಗಿ ಹೇಳಲಿಲ್ಲ, ಪುಣ್ಯ.

ಅವನು ಸುಮ್ನೆ ಅಳತೆಗಳ ಶೀಟ್ ತೆರೆದು ತೋರಿಸಿದ. ‘ಗಾತ್ರ: 1,900 ಕೋಟಿ ಕಿ.ಮೀ.’ ಅವನ ಸಾಫ್ಟ್‌ವೇರ್ ಕೇಳೋದು ವ್ಯಾಸ, ಅವನು ಶೀಟಿನಲ್ಲಿದ್ದ ತ್ರಿಜ್ಯವನ್ನೇ ಹಾಕಿದ. ಉಂಡೆ ಅರ್ಧಕ್ಕೆ ಇಳಿದಿತ್ತು. ಪ್ಲೂಟೋ ಕಕ್ಷೆಯ ಅಡ್ಡಳತೆ ಸುಮಾರು 1,200 ಕೋಟಿ ಕಿ.ಮೀ. ಅರ್ಧ ಗಾತ್ರದ ಉಂಡೆಯೊಳಗೂ ಅದು ಹಿಡಿಸುತ್ತದೆ. ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

3,800 ಕೋಟಿ ಅಂತ ತಿದ್ದಿಕೊಳ್ಳಿ, ಮುಗಿಯಿತು ಅಂದೆ. ಸಂಶೋಧಕರು ತಲೆ ಅಲ್ಲಾಡಿಸಿದರು. ಸುತ್ತ ಬೆಳಕಿನ ಬಳೆ ತೋರಿಸುತ್ತಿದ್ದೀರಿ ಅಲ್ವಾ, ಹಾಗಾದರೆ ಮಧ್ಯದ ಕಪ್ಪು ಹೊರೈಜನ್ ಅಲ್ಲ, ಅದರ ನೆರಳು ಅಂದರು. ಕುಳಿಯ ಸೆಳೆತಕ್ಕೆ ಬೆಳಕೂ ಬಾಗುತ್ತದೆ. ತೀರಾ ಹತ್ತಿರ ಬಂದ ಬೆಳಕು ಸುತ್ತಿ ಸುತ್ತಿ ಒಳಗೇ ಬೀಳುತ್ತದೆ. ಅದಕ್ಕೇ ನಮಗೆ ಕಾಣುವ ಕಪ್ಪು ಹೊರೈಜನ್‌ಗಿಂತ ಸುಮಾರು 2.6 ಪಟ್ಟು ಅಗಲ. ಅಂದರೆ 10,000 ಕೋಟಿ ಕಿ.ಮೀ. ಹತ್ತಿರ.

ಇನ್ನೊಂದು ಮಜಾ. ಕುಳಿ ವೇಗವಾಗಿ ತಿರುಗಿದಷ್ಟೂ ಹೊರೈಜನ್ ಒಳಗೆ ಸರಿಯುತ್ತದೆ. ತಿರುಗುವುದಕ್ಕೂ ಒಂದು ಗರಿಷ್ಠ ಮಿತಿ ಇದೆ. ಅದನ್ನು ಮುಟ್ಟಿದರೆ ತ್ರಿಜ್ಯ ನನ್ನ ಲೆಕ್ಕದ ಅರ್ಧಕ್ಕೆ ಬರುತ್ತದೆ. ಆದರೆ ನೆರಳಿನ ಅಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 2.95 ಇಲ್ಲಿ ಕೈಕೊಡುತ್ತದೆ, ನೆರಳು ಕೈಕೊಡುವುದಿಲ್ಲ.

ರೆಂಡರ್ ಮತ್ತೆ ಕ್ಯೂಗೆ ಹೋಯಿತು. ಬೈಗುಳ ತಿಂದದ್ದು ಹುಡುಗ, ಅದು ನ್ಯಾಯವಲ್ಲ. ‘ಎಲ್ಲಾ ಒಂದೇ ಸಾಲಲ್ಲಿ ಇರಲಿ’ ಅಂತ ಶೀಟನ್ನು ಒಂದು ಕಾಲಂಗೆ ಇಳಿಸಿದ್ದು ಮ್ಯಾನೇಜರೇ. ಈಗ ತ್ರಿಜ್ಯ, ವ್ಯಾಸ, ನೆರಳು, ತಿರುಗುವಿಕೆ ಅಂತ ನಾಲ್ಕು ಕಾಲಂ ಮಾಡಿದ್ದೇನೆ. ಪೋಸ್ಟರಿಗೆ ಯಾವುದು ಹಾಕೋಣ ಅಂತ ಅವರು ಕೇಳಿದರು. 10,000 ಕೋಟಿ ಹಾಕಿ, ಆದರೆ ಪಕ್ಕದಲ್ಲಿ ‘ನೆರಳಿನ ವ್ಯಾಸ’ ಅಂತ ಬರೆಯಿರಿ ಅಂದೆ.

ಅಷ್ಟು ಜಾಗ ಇಲ್ಲವಂತೆ.