ನಾಲ್ಕನೇ ಕ್ಲಾಸಿನ ಅಂಕಪಟ್ಟಿ

ಮೇ ತಿಂಗಳ ಆರಂಭದಲ್ಲಿ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ಜರ್ಮನ್ 2, ಗಣಿತ 3, ಪರಿಸರ ಪಾಠ 3. ಸರಾಸರಿ 2.66. ಇಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಡುಮ್ಕಿ. ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಈ ಮೂರು ವಿಷಯಗಳ ಸರಾಸರಿ 2.33 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಗಿಮ್ನಾಸಿಯುಂ, ಅಂದರೆ ವಿಶ್ವವಿದ್ಯಾಲಯದ ಕಡೆಗೆ ನೇರ ಒಯ್ಯುವ ಶಾಲೆ. 2.66ರವರೆಗೆ ರೆಯಾಲ್‌ಶೂಲೆ, ಹತ್ತನೇ ಕ್ಲಾಸಿನವರೆಗಿನ ನಡುವಿನ ದರ್ಜೆಯ ಶಾಲೆ. ಅದಕ್ಕೂ ಕೆಳಗಾದರೆ ಮಿಟ್ಟೆಲ್‌ಶೂಲೆ, ಹೆಚ್ಚಾಗಿ ಕಸುಬಿನ ಕಡೆಗೆ ಒಯ್ಯುವ ಶಾಲೆ. ಗಣಿತದ 3 ಎಂಬುದು 2 ಆಗಿದ್ದರೆ ಗಿಮ್ನಾಸಿಯುಂಗೆ ಸಾಕಿತ್ತು. ಹತ್ತು ವರ್ಷದ ಹುಡುಗಿಯ ದಾರಿ ಕವಲೊಡೆಯುವುದು ಇಷ್ಟರಲ್ಲಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಮಾಷೆ ಏನೆಂದರೆ, ನ್ಯೂರ್ನ್‌ಬರ್ಗ್‌ಗೆ ಬಂದಾಗಿನಿಂದ ಊರಿನ ಗೆಳತಿಯರಿಗೆಲ್ಲ ಫೋನಿನಲ್ಲಿ ಭಾಷಣ ಬಿಗಿಯುತ್ತಿದ್ದವಳೇ ನಾನು: "ಎಲ್ಲರೂ ಡಿಗ್ರಿ ಮಾಡಲೇಬೇಕು ಅಂತ ಏನೂ ಇಲ್ಲ ಕಣೇ, ಜರ್ಮನಿ ನೋಡು!"

ನೋಡುವಂಥದ್ದು ಇರುವುದೂ ನಿಜ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ದೇಶದ ಮಕ್ಕಳು ಬೋಧನಾ ಶುಲ್ಕ ಕಟ್ಟಬೇಕಿಲ್ಲ. ಹಾಗಾಗಿ 'ಅಷ್ಟು ದುಡ್ಡು ಸುರಿದು ಕಾಲೇಜಿಗೆ ಹೋಗಬೇಕೇ' ಎಂಬ ಲೆಕ್ಕಾಚಾರವೇ ಹುಟ್ಟುವುದಿಲ್ಲ. ಆದರೂ ಲಕ್ಷಾಂತರ ಮಕ್ಕಳು ಪ್ರತಿ ವರ್ಷ ಔಸ್‌ಬಿಲ್ಡುಂಗ್ ಎಂಬ ಕಸುಬಿನ ತರಬೇತಿಗೆ ಸೇರುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲೋ ಕಾರ್ಯಾಗಾರದಲ್ಲೋ ಕೆಲಸ, ಉಳಿದ ದಿನ ವೃತ್ತಿಶಾಲೆಯಲ್ಲಿ ಪಾಠ. ಎರಡರಿಂದ ಮೂರೂವರೆ ವರ್ಷ. ಬೇಕರಿಯಿಂದ ಬ್ಯಾಂಕಿನವರೆಗೆ 320ಕ್ಕೂ ಹೆಚ್ಚು ಕಸುಬುಗಳಿವೆ. ಕಲಿಯುವಾಗಲೇ ಸಂಬಳ, 2020ರಿಂದ ಅದಕ್ಕೆ ಕಾನೂನಿನ ಕನಿಷ್ಠ ಮಿತಿಯೂ ಇದೆ. 2025ರಲ್ಲಿ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ 682 ಯೂರೊ. ಕೊನೆಯ ಪರೀಕ್ಷೆ ನಡೆಸುವುದು ಕೆಲಸ ಕಲಿಸಿದ ಮಾಲೀಕನಲ್ಲ, ವಾಣಿಜ್ಯ ಮಂಡಳಿ ಅಥವಾ ಕುಶಲಕರ್ಮಿಗಳ ಮಂಡಳಿ. ಹಾಗಾಗಿ ಆ ಪ್ರಮಾಣಪತ್ರಕ್ಕೆ ದೇಶದುದ್ದಕ್ಕೂ ಬೆಲೆ. ಮುಂದೆ ಮೈಸ್ಟರ್, ಅಂದರೆ ಕಸುಬಿನ ಉಸ್ತಾದ್ ಆಗುವ ಪರೀಕ್ಷೆ ಪಾಸಾದರೆ ಅರ್ಹತೆಯ ಅಧಿಕೃತ ಏಣಿಯಲ್ಲಿ ಅದು ಬ್ಯಾಚುಲರ್ ಪದವಿ ಕೂತಿರುವ ಆರನೇ ಮೆಟ್ಟಿಲಲ್ಲೇ ಕೂರುತ್ತದೆ.

ಪಕ್ಕದ ಮನೆಯವರು ಇಂಥ ಮೈಸ್ಟರ್. ಮನೆಗಳಿಗೆ ಹೀಟಿಂಗ್ ಕೂರಿಸುವ ಕೆಲಸ, ಕೈಕೆಳಗೆ ಆರು ಜನ. ಅವರ ಮಗ ಗಿಮ್ನಾಸಿಯುಂ ಮುಗಿಸಿ, ವಿಶ್ವವಿದ್ಯಾಲಯಕ್ಕೆ ಹೋಗದೆ ಬಡಗಿ ಕೆಲಸಕ್ಕೆ ಸೇರಿದ. ಕೊನೆಯ ಪರೀಕ್ಷೆಗೆ ತಾನೇ ನಕ್ಷೆ ಬರೆದು, ಒಪ್ಪಿಗೆ ಪಡೆದು, ಕೊಟ್ಟಷ್ಟೇ ಅವಧಿಯಲ್ಲಿ ಒಂದು ವಸ್ತು ಮಾಡಿ ತೋರಿಸಬೇಕು. ಅವನು ಮಾಡಿದ್ದು ಬರೆಯುವ ಮೇಜು. ಒಂದೂ ಮೊಳೆಯಿಲ್ಲ, ಹಲ್ಲಿಗೆ ಹಲ್ಲು ಕೂರಿಸಿದ ಡ್ರಾಯರ್. ಎಳೆದರೆ ಸದ್ದೇ ಇಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾನು, ಇದು ನನ್ನದು ಅಂತ ಮುಟ್ಟಿ ತೋರಿಸುವಂಥ ಏನನ್ನೂ ಮಾಡಿರಲಿಲ್ಲ ಅಂತ ಆವತ್ತು ಹೊಟ್ಟೆಕಿಚ್ಚಾಯಿತು.

"ಮಗ ಈ ದಾರಿ ಹಿಡಿದಾಗ ನಿಮಗೆ ಖುಷಿಯಾಗಿರಬೇಕು" ಅಂದೆ. ಅವರು ನಕ್ಕುಬಿಟ್ಟರು. "ಖುಷಿಯೇ? ಒಂದು ವರ್ಷ ಜಗಳ ಆಡಿದೆ. ನನ್ನ ಮೊಣಕಾಲು ನೋಡಿ. ಇವನಾದರೂ ಓದಲಿ ಅಂತಿತ್ತು."

ಅಲ್ಲಿಗೆ ನನ್ನ ಭಾಷಣದ ಗಾಳಿ ಅರ್ಧ ಇಳಿಯಿತು. ಉಳಿದರ್ಧ ಇಳಿಸಿದ್ದು ಅಂಕಿಅಂಶ. ಜರ್ಮನಿಯಲ್ಲಿ ಪದವೀಧರರ ಮಕ್ಕಳಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಜನ ಉನ್ನತ ಶಿಕ್ಷಣಕ್ಕೆ ಹೋಗುತ್ತಾರೆ. ಉಳಿದ ಮನೆಗಳ ಮಕ್ಕಳಲ್ಲಿ ಸುಮಾರು ಕಾಲು ಭಾಗ ಮಾತ್ರ. ಅಂದರೆ 'ಕಾಲೇಜು ಎಲ್ಲರಿಗೂ ಬೇಡ' ಅನ್ನುವ ಓದಿದವರು, ಆ 'ಎಲ್ಲರ' ಪಟ್ಟಿಯಿಂದ ತಮ್ಮ ಮಕ್ಕಳನ್ನು ಮೊದಲೇ ತೆಗೆದಿಟ್ಟಿರುತ್ತಾರೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ. ನಾನೂ ಅದೇ. ಪುಸ್ತಕದಂಗಡಿಯ ಕೆಲಸ ಕಲಿತು, ಅಬಿಟೂರ್ (ಗಿಮ್ನಾಸಿಯುಂನ ಕೊನೆಯ ಪರೀಕ್ಷೆ) ಇಲ್ಲದೆ ಯುರೋಪಿಯನ್ ಸಂಸತ್ತಿನ ಅಧ್ಯಕ್ಷರಾದ ಮಾರ್ಟಿನ್ ಶುಲ್ಟ್ಸ್ ಅವರ ಉದಾಹರಣೆ ಕೊಡಲು ನನಗೆ ಬಾಯಿ ಬರುತ್ತದೆ, ಸ್ವಂತ ಮಗಳ 2.66 ಜೀರ್ಣವಾಗುವುದಿಲ್ಲ.

ಹಾಗಂತ ಔಸ್‌ಬಿಲ್ಡುಂಗ್ ಸ್ವರ್ಗವೇನಲ್ಲ. ತರಬೇತಿ ಒಪ್ಪಂದಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ನಡುವೆಯೇ ಮುರಿಯುತ್ತವೆ. ಆದರೆ ಅಲ್ಲಿಂದ ವಾಪಸ್ ಬರುವ ದಾರಿ ಮುಚ್ಚಿಲ್ಲ. ರೆಯಾಲ್‌ಶೂಲೆ ಮುಗಿಸಿದವರು ಮುಂದಿನ ಶಾಲೆಗೆ ಸೇರಿ ವಿಶ್ವವಿದ್ಯಾಲಯಕ್ಕೂ ಹೋಗಬಹುದು, ಮೈಸ್ಟರ್ ಆದವರಿಗೆ ಅಬಿಟೂರ್ ಇಲ್ಲದೆಯೂ ಪ್ರವೇಶ ಉಂಟು. ಕಾಲೇಜು ಬೇಡ ಅನ್ನುವ ಮಾತಿಗೆ ಇಲ್ಲಿ ಇರುವ ಧೈರ್ಯವೆಲ್ಲ ಈ ವಾಪಸ್ ದಾರಿಯದು. ಅದಿಲ್ಲದ ಕಡೆ ಯಾರಿಗೂ ಆ ಸಲಹೆ ಕೊಡಲು ನನಗೀಗ ನಾಲಿಗೆ ಹೊರಳುವುದಿಲ್ಲ.

ಗಿಮ್ನಾಸಿಯುಂ ಬೇಕೇ ಬೇಕು ಅನ್ನುವವರಿಗೆ ಮೂರು ದಿನದ ಪ್ರಯೋಗ ತರಗತಿ ಇರುತ್ತದೆ. ಗಂಡ ಕಳಿಸೋಣ ಅಂದರು, ನಾನೂ ಹೂಂ ಅಂದೆ. ಮಗಳನ್ನು ಕೇಳಿದರೆ, ಅವಳ ಇಬ್ಬರು ಗೆಳತಿಯರೂ ರೆಯಾಲ್‌ಶೂಲೆಗೆ, ಅಲ್ಲಿ ಮರಗೆಲಸದ ಕೋಣೆ ಇದೆ, ತಾನು ಆಗಲೇ ನೋಡಿಕೊಂಡು ಬಂದಿದ್ದೇನೆ ಅಂದಳು. ಅರ್ಜಿಯಲ್ಲಿ ಅದನ್ನೇ ಬರೆದೆವು.

ಭಾನುವಾರ ಅಮ್ಮನಿಗೆ ಫೋನ್ ಮಾಡಿ ಅರ್ಧ ಗಂಟೆ ಎಲ್ಲ ಬಿಡಿಸಿ ಹೇಳಿದೆ, ವಾಪಸ್ ದಾರಿಯ ಸಮೇತ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಹೋಗ್ಲಿ ಬಿಡು, ಮಗು ಖುಷಿಯಾಗಿದ್ರೆ ಸಾಕು," ಅಂದಳು. ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, "ಸದ್ಯಕ್ಕೆ ನಿಮ್ಮತ್ತೆ ಕಡೆಯವರಿಗೆ ಏನೂ ಹೇಳ್ಬೇಡ."