ಕಾರ್ಫ್ ಕೋಟೆಯ ಜಾರಿದ ಬಾಗಿಲು

ನಾನಿರುವುದು ದಕ್ಷಿಣ ಇಂಗ್ಲೆಂಡಿನಲ್ಲಿ. ಊರಿಂದ ಯಾರೇ ಬಂದರೂ ಡಾರ್ಸೆಟ್‌ನ ಕಾರ್ಫ್ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಸ್ವಾನೇಜ್‌ನಿಂದ ಉಗಿಬಂಡಿ ಇದೆ. ಎರಡು ಉದ್ದನೆಯ ಗುಡ್ಡಗಳ ಸಂದಿಯಲ್ಲಿ ಒಂಟಿ ದಿಬ್ಬ, ಅದರ ನೆತ್ತಿಯಲ್ಲಿ ಒಡೆದ ಗೋಡೆಗಳು. ರೈಲಿನಿಂದಲೇ ಕಾಣುತ್ತವೆ. ಕಾರ್ಫ್ ಎಂಬ ಹೆಸರಿಗೂ ಹಳೇ ಇಂಗ್ಲಿಷಿನಲ್ಲಿ ಕೊರೆದ ಸಂದಿ ಅಂತಲೇ ಅರ್ಥ.

ಇಲ್ಲಿ ಕಲ್ಲಿನ ಗೋಡೆ ಎಬ್ಬಿಸಿದವನು 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ. ಆಗ ಹೆಚ್ಚಿನ ಕೋಟೆಗಳು ಮಣ್ಣು, ಮರದವು. ಆ ಕಾಲದ ಗೋಡೆಯ ತುಂಡೊಂದು ಪಶ್ಚಿಮದ ಅಂಗಳದಲ್ಲಿ ಇನ್ನೂ ನಿಂತಿದೆ. ಕಲ್ಲುಗಳನ್ನು ಒಂದು ಸಾಲು ಎಡಕ್ಕೆ, ಮುಂದಿನ ಸಾಲು ಬಲಕ್ಕೆ ಓರೆಯಾಗಿ ಜೋಡಿಸಿದ್ದಾರೆ, ಥೇಟ್ ಮೀನಿನ ಮುಳ್ಳು. ಮಗ ಒಂದನೇ ಹೆನ್ರಿ 12ನೇ ಶತಮಾನದ ಆರಂಭದಲ್ಲಿ ಸ್ಥಳೀಯ ಪರ್ಬೆಕ್ ಸುಣ್ಣಕಲ್ಲಿನಲ್ಲಿ ದೊಡ್ಡ ಗೋಪುರ ಕಟ್ಟಿಸಿದ. ಗೋಪುರ ಸುಮಾರು 21 ಮೀಟರ್, ದಿಬ್ಬ 55 ಮೀಟರ್. ಆಮೇಲೆ ಜಾನ್ ದೊರೆ ಒಳಗೊಂದು ಅರಮನೆ ಸೇರಿಸಿದ.

ನೋಡುವವರು ಇದನ್ನು ಮಳೆ, ಗಾಳಿಗೆ ಸವೆದ ಪಾಳು ಅಂದುಕೊಳ್ಳುತ್ತಾರೆ. ಅಲ್ಲ. ಬೇಕಂತಲೇ ಒಡೆದದ್ದು. 1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ. ಕೋಟೆ ಬ್ಯಾಂಕ್ಸ್ ಮನೆತನದ್ದು, ಅವರು ರಾಜನ ಕಡೆ. 1643ರಲ್ಲಿ ಮುತ್ತಿಗೆ ಬಿದ್ದಾಗ ಯಜಮಾನ ಊರಲ್ಲಿರಲಿಲ್ಲ. ಅವನ ಹೆಂಡತಿ ಮೇರಿ ಬ್ಯಾಂಕ್ಸ್ ಹೆಣ್ಣುಮಕ್ಕಳು, ಕೆಲಸದವರ ಜೊತೆ ನಿಂತು, ಗೋಡೆ ಹತ್ತುತ್ತಿದ್ದವರ ಮೇಲೆ ಕಲ್ಲು, ಕೆಂಡ ಸುರಿದಳು. ಕೋಟೆ ಬೀಳಲಿಲ್ಲ. ಬಿದ್ದದ್ದು 1646ರಲ್ಲಿ, ಒಳಗಿನವನೊಬ್ಬ ಸಹಾಯಕ್ಕೆ ಬಂದ ಪಡೆ ಅಂತ ಶತ್ರು ಸೈನಿಕರನ್ನೇ ಒಳಗೆ ಬಿಟ್ಟಾಗ. ಅವಳ ಧೈರ್ಯಕ್ಕೆ ಗೌರವವಾಗಿ ಬೀಗದ ಕೈಗಳನ್ನು ಅವಳಿಗೇ ಕೊಟ್ಟರು ಅನ್ನುತ್ತಾರೆ. ಅವು ಈಗಲೂ ಕಿಂಗ್‌ಸ್ಟನ್ ಲೇಸಿ ಎಂಬ, ಹಿಂದೆ ಆ ಮನೆತನದ್ದಾಗಿದ್ದ ಬಂಗಲೆಯಲ್ಲಿವೆ.

ಕೋಟೆ ಮತ್ತೆ ಯಾರಿಗೂ ಉಪಯೋಗಕ್ಕೆ ಬರಬಾರದು ಅಂತ ಪಾರ್ಲಿಮೆಂಟ್ ತೀರ್ಮಾನಿಸಿತು. ಗೋಡೆಗಳ ಬುಡ ಅಗೆದು ಮದ್ದು ತುಂಬಿ ಸಿಡಿಸಿದರು.

ಒಳಬಾಗಿಲ ಹತ್ತಿರ ನಾನು ಸದಾ ನಿಲ್ಲುತ್ತೇನೆ. ಎರಡು ಬುರುಜಿನ ಬಾಗಿಲು. ಒಂದು ಬುರುಜು ತನ್ನ ಜಾಗದಲ್ಲಿದೆ. ಇನ್ನೊಂದು ಆಳುದ್ದಕ್ಕಿಂತ ಜಾಸ್ತಿ ಕೆಳಗೆ ಜಾರಿ, ಚೂರಾಗದೆ, ನೆಟ್ಟಗೆ ನಿಂತುಬಿಟ್ಟಿದೆ! ಕಮಾನು ನಡುವೆ ಸೀಳಿದೆ. ಅಷ್ಟು ಗಟ್ಟಿ ಗಾರೆ. ಸೀಳಿದಲ್ಲಿ ಕಣ್ಣಿಟ್ಟರೆ ಗೋಡೆ ಕಟ್ಟಿದ ಬಗೆ ತಿಳಿಯುತ್ತದೆ: ಹೊರಗೆ ಚೆನ್ನಾಗಿ ಕೆತ್ತಿದ ಕಲ್ಲು, ಒಳಗೆ ಗಾರೆಯಲ್ಲಿ ಕಲಸಿದ ಜಲ್ಲಿ. ಕಟ್ಟಿದವರ ಕೈಚಳಕ ಒಡೆದ ಮೇಲೆಯೇ ಕಣ್ಣಿಗೆ ಬಿತ್ತಲ್ವಾ ಅಂತ ಪ್ರತಿ ಸಲ ಅನ್ನಿಸುತ್ತದೆ.

ಇಳಿದ ಮೇಲೆ ಊರ ಬೀದಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಸಿಡಿದುಬಿದ್ದ ಕಲ್ಲನ್ನು ಊರವರು ಹೊತ್ತು ತಂದು ಮನೆ ಕಟ್ಟಿಕೊಂಡರು. ಅಂಥ ಮನೆಗಳಲ್ಲಿ ಜನ ಇನ್ನೂ ಇದ್ದಾರೆ.